ಮೀನಿನ ಮೇವಿಗೆ ಆ್ಯಂಟಿಬಯೋಟಿಕ್ ಬೆರೆಸಬೇಡಿ
ಸಿಂಧನೂರು ಭಾಗದ ಮೀನು ಸಾಕಣೆದಾರರ ಗಮನಕ್ಕೆ. ಕಾಲುವೆ ನೀರು ನಿಂತು ಕೊಳದ ಮಟ್ಟ ಇಳಿದಾಗ ಕಾಟ್ಲಾ, ರೋಹುಗಳ ಮೈಮೇಲೆ ಕೆಂಪು ಕಲೆ, ಹುಣ್ಣು, ಉಬ್ಬಿದ ಹೊಟ್ಟೆ ಕಂಡರೆ ಅದು ಏರೋಮೊನಾಸ್ ಬ್ಯಾಕ್ಟೀರಿಯಾದ ಸೋಂಕಾಗಿರಬಹುದು. ದಯವಿಟ್ಟು ಯಾರೋ ಹೇಳಿದರೆಂದು ಆ್ಯಂಟಿಬಯೋಟಿಕ್ ಪುಡಿ ತಂದು ಹಾಕಬೇಡಿ. ರೋಗ ಬಲಿತ ಮೀನು ಮೇವನ್ನೇ ಸರಿಯಾಗಿ ತಿನ್ನುವುದಿಲ್ಲ. ಔಷಧ ನೀರಿಗೆ, ಕೆಸರಿಗೆ ಸೇರುತ್ತದೆ. ಅಲ್ಲಿ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದ ತಮ್ಮ ನಿರೋಧಕ ಗುಣವನ್ನು ಬೇರೆ ಜಾತಿಗಳಿಗೂ ದಾಟಿಸಬಲ್ಲವು, ನಮ್ಮ ಮಕ್ಕಳಿಗೆ ಕಾಯಿಲೆ ತರುವಂಥವಕ್ಕೂ. ನನ್ನ ದೊಡ್ಡ ಆತಂಕ ಇದೇ. ಆ್ಯಂಟಿಬಯೋಟಿಕ್‌ಗಳಲ್ಲೇ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳಂತೂ ಮೀನು ಸಾಕಣೆಯಲ್ಲಿ ನಿಷಿದ್ಧ. ಇನ್ನು ಮೀನಿನ ಮೈಗೆ ಅಂಟುವ ಪರಾವಲಂಬಿ ಜೀವಿಯಾದ ಮೀನಿನ ಹೇನಿಗೆ ಆ್ಯಂಟಿಬಯೋಟಿಕ್ ನಾಟುವುದೇ ಇಲ್ಲ.

ಮೊದಲು ಮೇವು ನಿಲ್ಲಿಸಿ, ಸತ್ತ ಮೀನುಗಳನ್ನು ತೆಗೆದು ಹೂಳಿ. ಇನ್ನೂ ಜೀವವಿರುವ ರೋಗದ ಮೀನನ್ನೇ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ, ಯಾವ ಔಷಧ ನಾಟುತ್ತದೆ ಎಂಬ ಪರೀಕ್ಷೆಯ ಬಗ್ಗೆ ಕೇಳಿ; ಕೊಳೆತ ಮೀನಿನಲ್ಲಿ ರೋಗಾಣು ಗುರುತಿಸುವುದು ಕಷ್ಟ. ಬಲೆಯನ್ನು ತೊಳೆದು ಬಿಸಿಲಿಗೆ ಒಣಗಿಸದೆ ಮತ್ತೊಂದು ಕೊಳಕ್ಕೆ ಇಳಿಸಬೇಡಿ.