ಮೀಟರ್ ಸರಿಯಿದೆ ಎಂದಿರಿ, ಅದು ಯಾರ ಮನೆಯ ಲೆಕ್ಕ ಎಂದು ನೋಡಲಿಲ್ಲ

ಗೆ,
ಗ್ರಾಹಕ ಸೇವಾ ವಿಭಾಗದ ಅಧಿಕಾರಿಗಳು,
ವಿದ್ಯುತ್ ಸರಬರಾಜು ಕಂಪನಿ,
ಅಂಧೇರಿ ಪೂರ್ವ, ಮುಂಬಯಿ

ವಿಷಯ: ಬೀಗ ಹಾಕಿದ್ದ ಮನೆಗೆ 362 ಯೂನಿಟ್ ಬಿಲ್ ಬಂದಿರುವುದು; ಮೀಟರ್ ಬದಲಿಸುವಾಗ ಎರಡು ಮನೆಗಳ ತಂತಿ ಅದಲು ಬದಲಾಗಿರುವುದು

ಮಾನ್ಯರೇ,

ಈ ದೂರಿನ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡಿದ್ದೇನೆ. ನೀವು ಕನ್ನಡದವರು ಎಂದು ಅಲ್ಲೇ ತಿಳಿಯಿತು. ಹಾಗಾಗಿ ಫಾರ್ಮಿನ ನಾಲ್ಕು ಸಾಲಿನಲ್ಲಿ ಹಿಡಿಸದ ಮಾತನ್ನೆಲ್ಲ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ.

ಮೀಟರ್ ಇರುವುದು ನನ್ನ ಅಮ್ಮನ ಹೆಸರಿನಲ್ಲಿ. ಅವರ ಒಪ್ಪಿಗೆ ಪತ್ರ ಜೊತೆಗಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಆ ಮನೆಯಲ್ಲಿ ಒಬ್ಬರೇ ಇದ್ದಾರೆ. ಒಂದು ಫ್ರಿಜ್, ಎರಡು ಫ್ಯಾನ್, ಟಿವಿ, ಬೆಳಿಗ್ಗೆ ಸ್ವಲ್ಪ ಹೊತ್ತು ಗೀಸರ್. ಏಸಿ ಇಲ್ಲ. ತಿಂಗಳಿಗೆ 105ರಿಂದ 125 ಯೂನಿಟ್ ಬರುತ್ತಿತ್ತು. ಬೇಸಿಗೆಯಲ್ಲಿ ಫ್ಯಾನ್ ಜಾಸ್ತಿ ಓಡಿದರೂ 150 ದಾಟಿದ್ದಿಲ್ಲ. ಹಳೆಯ ಬಿಲ್‌ಗಳು ನಿಮ್ಮ ಕಂಪ್ಯೂಟರಿನಲ್ಲೇ ಇವೆ.

ಈ ಮಾರ್ಚ್‌ನಲ್ಲಿ ನಿಮ್ಮ ಗುತ್ತಿಗೆದಾರರು ಬಂದು ನಮ್ಮ ಸೊಸೈಟಿಯ ಮೀಟರ್ ರೂಮಿನಲ್ಲಿ ಒಂದು ಸಾಲಿನ ಹಳೆಯ ಮೀಟರ್‌ಗಳನ್ನು ತೆಗೆದು ಹೊಸದು ಕೂರಿಸಿದರು. ಅದಾದ ಮೇಲೆ ಏಪ್ರಿಲ್ ಬಿಲ್ 341 ಯೂನಿಟ್. ಮೇ ಬಿಲ್ 388. ಮೇ 12ರಿಂದ ಜೂನ್ 11ರವರೆಗಿನ ಬಿಲ್ 362.

ಈ ಕೊನೆಯ ಬಿಲ್ ನೋಡಿದಾಗ ಯಾರಿಗಾದರೂ ಅನುಮಾನ ಬರಲೇಬೇಕು. ಅಮ್ಮ ಮೇ ಮೊದಲ ವಾರವೇ ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಹೋದವರು, ಮರಳಿ ಬಂದದ್ದು ಜೂನ್ 11 ಕಳೆದ ಮೇಲೆ. ಹೋಗುವಾಗ ಫ್ರಿಜ್ ಖಾಲಿ ಮಾಡಿ, ಅದರ ಬಾಗಿಲು ತೆರೆದಿಟ್ಟು, ಮೇನ್ ಸ್ವಿಚ್ ಆಫ್ ಮಾಡಿದವಳು ನಾನೇ. ಬೀಗದ ಕೈಯೂ ನನ್ನ ಹತ್ತಿರವೇ ಇತ್ತು. ಎರಡೂ ಟಿಕೆಟ್‌ಗಳ ಪ್ರತಿ ಇಟ್ಟಿದ್ದೇನೆ. ಒಂದು ಬಲ್ಬೂ ಉರಿಯದ ಮನೆಗೆ 362 ಯೂನಿಟ್ ಎಲ್ಲಿಂದ ಬಂತು?

ಇದೇ ಪ್ರಶ್ನೆಯನ್ನು ನಿಮ್ಮ ಕೌಂಟರ್‌ನಲ್ಲಿ ಕೇಳಿದೆ. "ಬೇಸಿಗೆ ಅಲ್ವಾ, ಏಸಿ ಹೆಚ್ಚು ಓಡಿರಬೇಕು" ಅಂದರು. ಮನೆಯಲ್ಲಿ ಏಸಿಯೇ ಇಲ್ಲ, ಜನವೂ ಇರಲಿಲ್ಲ ಅಂದೆ. ಹಾಗಾದರೆ ಮೀಟರ್ ಟೆಸ್ಟ್‌ಗೆ ದುಡ್ಡು ಕಟ್ಟಿ ಅಂದರು. ಕಟ್ಟಿದೆ. ಒಬ್ಬರು ಬಂದು ಟೆಸ್ಟ್ ಮಾಡುವ ಉಪಕರಣ ಹಚ್ಚಿ ನೋಡಿದರು. ಮೀಟರ್ ಓಕೆ ಎಂದು ಬರೆದುಕೊಂಡು ಹೋದರು. ಸಂಜೆ ಮೊಬೈಲ್‌ಗೆ ಮೆಸೇಜ್: ನಿಮ್ಮ ದೂರು ಪರಿಹರಿಸಲಾಗಿದೆ, ಬಿಲ್ ಸರಿಯಾಗಿದೆ.

ನನ್ನ ತಕರಾರು ಇರುವುದು ಇಲ್ಲೇ. ಮೀಟರ್ ತನ್ನ ಮೂಲಕ ಹರಿದ ಕರೆಂಟನ್ನು ಸರಿಯಾಗಿ ಅಳೆದಿದೆ, ಅದನ್ನು ನಾನು ಒಪ್ಪುತ್ತೇನೆ. ಆ ಕರೆಂಟ್ ಯಾವ ಮನೆಗೆ ಹೋಯಿತು ಎಂದು ನಿಮ್ಮವರು ನೋಡಲೇ ಇಲ್ಲ. ಬಂದವರು ಅಮ್ಮನ ಮನೆಯ ಮೆಟ್ಟಿಲನ್ನೂ ಹತ್ತಲಿಲ್ಲ.

ನಾವು ನೋಡಿದ್ದೇವೆ. ಹೊಸ ಮೀಟರಿನ ಮೇಲೆ 3200 ಇಂಪಲ್ಸ್ ಎಂದು ಬರೆದಿದೆ. ಅಂದರೆ ಅದರ ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಮೇ ಬಿಲ್ ಬಂದ ಮೇಲೆ, ಅಮ್ಮ ಊರಲ್ಲಿದ್ದಾಗಲೇ, ನಾನು ಮೀಟರ್ ರೂಮಿಗೆ ಹೋಗಿ ನಿಂತೆ. ಮೇಲೆ ಮನೆಯಲ್ಲಿ ಮೇನ್ ಆಫ್ ಇದೆ, ಬೀಗ ಹಾಕಿದೆ. ಕೆಳಗೆ ದೀಪ ನಿಮಿಷಕ್ಕೆ ಎಂಟು ಸಲ ಮಿಣುಕುತ್ತಿದೆ. ಗಂಟೆಗೆ 480 ಸಲ ಅಂದರೆ 150 ವ್ಯಾಟ್. ಯಾರದೋ ಮನೆಯ ಫ್ರಿಜ್, ಫ್ಯಾನ್ ಓಡುವಷ್ಟು. ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಮತ್ತೆ ನೋಡಿದೆ. ನಿಮಿಷಕ್ಕೆ 80ರ ಹತ್ತಿರ. ಅದು 1500 ವ್ಯಾಟ್ ಆಯಿತು. ಒಂದೂವರೆ ಟನ್ನಿನ ಏಸಿಗೆ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ. ಡಿಸ್‌ಪ್ಲೇಯಲ್ಲಿ ಬರುವ ಎಂ.ಡಿ., ಅಂದರೆ ಆ ತಿಂಗಳ ಗರಿಷ್ಠ ಬೇಡಿಕೆ, 3.1 ಕಿಲೋವ್ಯಾಟ್ ತೋರಿಸುತ್ತಿತ್ತು. ಮುಚ್ಚಿದ ಮನೆಯಲ್ಲಿ ಅದು ಸೊನ್ನೆ ಇರಬೇಕಿತ್ತು. ಎಲ್ಲದರ ವಿಡಿಯೊ ಇದೆ, ತಾರೀಖು ಸಮೇತ.

ಅಮ್ಮ ಬಂದ ಮೇಲೆ ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ವಿಜಯಪುರದ ಕಡೆಯವರು, ಮುಂಬಯಿಯಲ್ಲಿ ಇದೇ ಕೆಲಸ ಮಾಡಿಕೊಂಡು ಬಂದವರು. ಮೀಟರಿನ ಸೀಲನ್ನಾಗಲಿ, ತಂತಿಯನ್ನಾಗಲಿ ಮುಟ್ಟಲೇ ಇಲ್ಲ. ನನ್ನನ್ನು ಕೆಳಗೆ ನಿಲ್ಲಿಸಿ, ತಾವು ಮೇಲೆ ಹೋಗಿ ಫೋನಿನಲ್ಲಿ ಹೇಳುತ್ತಾ ಅಮ್ಮನ ಮನೆಯ 2000 ವ್ಯಾಟ್ ಗೀಸರ್ ಹಾಕಿದರು. ಅಮ್ಮನ ಹೆಸರಿನ ಮೀಟರ್‌ನಲ್ಲಿ ದೀಪದ ವೇಗ ಒಂದಿಷ್ಟೂ ಬದಲಾಗಲಿಲ್ಲ. ಅದೇ ಸಾಲಿನ ಇನ್ನೊಂದು ಮೀಟರ್‌ನ ದೀಪ ಪಟಪಟ ಹೊಡೆದುಕೊಳ್ಳತೊಡಗಿತು. ನಿಮಿಷಕ್ಕೆ ನೂರಕ್ಕೂ ಹೆಚ್ಚು. ಗೀಸರ್ ಆಫ್ ಮಾಡಿದ ತಕ್ಷಣ ಅದು ನಿಧಾನವಾಯಿತು. ಮತ್ತೆ ಹಾಕಿಸಿದೆ, ಮತ್ತೆ ಅದೇ. ಕೆಳಗೆ ಬಂದು ಅವರು ಹೇಳಿದ್ದು ಇಷ್ಟು: "ಅಕ್ಕಾರ, ಮೀಟರ್ ಸುಳ್ಳ ಹೇಳಾಕತ್ತಿಲ್ಲ, ಬ್ಯಾರೆ ಮನಿ ಲೆಕ್ಕ ಹೇಳಾಕತ್ತೈತಿ."

ಮೀಟರ್ ಕೆಳಗಿನ ಸ್ವಿಚ್ ಆಫ್ ಮಾಡಿ ಯಾವ ಮನೆಯಲ್ಲಿ ಕರೆಂಟ್ ಹೋಗುತ್ತದೆ ನೋಡೋಣ ಎಂದು ಸೊಸೈಟಿ ಸೆಕ್ರೆಟರಿಗೆ ಹೇಳಿದೆ. ಕಂಪನಿಯವರ ಎದುರಿಗೇ ಮಾಡಿಸಿ, ನಾಳೆ ನಿಮ್ಮ ಮೇಲೆ ಮಾತು ಬರಬಾರದು ಅಂದರು. ನನಗೂ ಅದು ಸರಿ ಅನಿಸಿತು. ಮೀಟರ್ ವಿಷಯದಲ್ಲಿ ಕೈ ಹಾಕಿದರೆ ಗ್ರಾಹಕರ ಮೇಲೆಯೇ ಕಳ್ಳತನದ ಕಲಂ ಬೀಳುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ.

ನಿಮ್ಮ ಕಚೇರಿಯಲ್ಲಿ ಇನ್ನೊಂದು ಮಾತು ಕೇಳಿದೆ. ಮೀಟರ್‌ನಿಂದ ಮನೆಗೆ ಹೋಗುವ ತಂತಿ ಗ್ರಾಹಕರ ಜವಾಬ್ದಾರಿ, ನಮ್ಮದು ಮೀಟರ್‌ವರೆಗೆ ಮಾತ್ರ ಎಂದು. ಸಾಮಾನ್ಯವಾಗಿ ಅದು ನಿಜವಿರಬಹುದು. ಆದರೆ ಮಾರ್ಚ್‌ನಲ್ಲಿ ಆ ತಂತಿಗಳನ್ನು ಹಳೆಯ ಮೀಟರ್‌ನಿಂದ ಬಿಚ್ಚಿ ಹೊಸದಕ್ಕೆ ಜೋಡಿಸಿದವರು ನಿಮ್ಮ ಗುತ್ತಿಗೆದಾರರು. ಬಿಚ್ಚುವ ಮೊದಲು ಮನೆ ನಂಬರಿನ ಚೀಟಿ ಕಟ್ಟಬೇಕಿತ್ತು. ಜೋಡಿಸಿದ ಮೇಲೆ ಒಂದೊಂದು ಮನೆಯ ಸ್ವಿಚ್ ಹಾಕಿಸಿ ನೋಡಬೇಕಿತ್ತು. ಐದು ನಿಮಿಷದ ಕೆಲಸ. ಅದನ್ನು ಮಾಡದ ತಪ್ಪಿಗೆ ಅಮ್ಮ ಯಾಕೆ ದುಡ್ಡು ಕಟ್ಟಬೇಕು?

ದುಡ್ಡಿನ ಪೆಟ್ಟೂ ಸಣ್ಣದಲ್ಲ. ನಮ್ಮ ದರ ಸ್ಲ್ಯಾಬ್ ಮೇಲೆ ಏರುತ್ತದೆ: 100ರವರೆಗೆ ಒಂದು, 300ರವರೆಗೆ ಒಂದು, 500ರವರೆಗೆ ಇನ್ನೊಂದು. ಮೊದಲ ಸ್ಲ್ಯಾಬ್ ದಾಟಿ ಸ್ವಲ್ಪವೇ ಮುಂದೆ ಹೋಗುತ್ತಿದ್ದ ಅಮ್ಮನ ಬಿಲ್ ಈಗ ಮೂರನೆಯದಕ್ಕೆ ಹೋಗಿದೆ. ಯೂನಿಟ್ ಮೂರು ಪಟ್ಟಾದರೆ ಹಣ ಅದಕ್ಕಿಂತ ಹೆಚ್ಚು ಪಟ್ಟಾಗುತ್ತದೆ. ಅದರ ಮೇಲೆ ಶೇಕಡಾ 16 ವಿದ್ಯುತ್ ಸುಂಕ. ಪಿಂಚಣಿಯಲ್ಲಿ ಔಷಧಿ, ಮನೆಖರ್ಚು ಎಲ್ಲ ತೂಗಿಸುವವರಿಗೆ ಇದು ಎಷ್ಟು ಭಾರ ಎಂದು ನಿಮಗೆ ಹೇಳಬೇಕಾಗಿಲ್ಲ.

ನಾವು ಬಿಲ್ ಜಾಸ್ತಿ ಬಂತೆಂದು ಸುಮ್ನೆ ಜಗಳಕ್ಕೆ ಬರುವವರಲ್ಲ. 2020ರ ಲಾಕ್‌ಡೌನ್‌ನಲ್ಲಿ ರೀಡಿಂಗ್ ನಿಂತು, ಸರಾಸರಿ ಬಿಲ್‌ಗಳು ಬಂದು, ಜೂನ್ ಹೊತ್ತಿಗೆ ಮುಂಬಯಿ ತುಂಬ ಜನ ಬಿಲ್ ನೋಡಿ ಬೆಚ್ಚಿಬಿದ್ದಿದ್ದರು. ಆಗ ಅಪ್ಪ ಪೆನ್ಸಿಲ್ ಹಿಡಿದು ಮೀಟರ್ ರೀಡಿಂಗ್ ಜೊತೆ ಲೆಕ್ಕ ಹಾಕಿದ್ದರು. ತಾಳೆಯಾಯಿತು, ಕಟ್ಟಿದರು. ಈ ಸಲ ತಾಳೆಯಾಗುತ್ತಿಲ್ಲ.

ಏಪ್ರಿಲ್, ಮೇ ಬಿಲ್ ಪೂರ್ತಿ ಕಟ್ಟಿದ್ದೇವೆ. ಜೂನ್ ಬಿಲ್‌ಗೆ ವಿದ್ಯುತ್ ಕಾಯ್ದೆ 2003ರ 56ನೇ ಕಲಂ ಪ್ರಕಾರ ಹಿಂದಿನ ಆರು ತಿಂಗಳ ಸರಾಸರಿಯನ್ನು ತಕರಾರಿನೊಂದಿಗೆ ಕಟ್ಟಿದ್ದೇನೆ. ಆ ಆರರಲ್ಲಿ ಎರಡು ತಪ್ಪು ಬಿಲ್‌ಗಳೂ ಸೇರಿವೆ, ಆದರೂ ಕಟ್ಟಿದ್ದೇನೆ. ಹೀಗೆ ಕಟ್ಟಿದ ಮೇಲೆ ತಕರಾರು ಮುಗಿಯುವವರೆಗೆ ಕರೆಂಟ್ ಕಡಿಯುವಂತಿಲ್ಲ. ಕಡಿಯುವ ಸಂದರ್ಭ ಬಂದರೂ 15 ದಿನ ಮೊದಲು ಬರೆದ ನೋಟಿಸ್ ಕೊಡಬೇಕು. ಹೀಗಿದ್ದರೂ ಬಾಕಿ ಇದೆ, ಕನೆಕ್ಷನ್ ಕಡಿಯುತ್ತೇವೆ ಎಂದು ಅಮ್ಮನ ಮೊಬೈಲ್‌ಗೆ ಮೆಸೇಜ್ ಬಂದಿದೆ. ಇವತ್ತು ರಾತ್ರಿ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ ಎಂದು ಮೆಸೇಜ್ ಕಳಿಸಿ ವಯಸ್ಸಾದವರ ಖಾತೆ ದೋಚುವ ವಂಚಕರ ಕಾಟ ಇರುವ ಊರಿದು. ಅಮ್ಮನಿಗೆ ನಿಜವಾದ ಮೆಸೇಜ್ ಯಾವುದು, ಸುಳ್ಳು ಯಾವುದು ಗೊತ್ತಾಗದೆ ಅವತ್ತು ರಾತ್ರಿ ನಿದ್ದೆಯೇ ಮಾಡಲಿಲ್ಲ. ದಯವಿಟ್ಟು ಈ ಮೆಸೇಜ್‌ಗಳನ್ನು ಇವತ್ತೇ ನಿಲ್ಲಿಸಿ. ಹೇಳುವುದೇನಿದ್ದರೂ ಕಾಗದದಲ್ಲಿ ಹೇಳಿ.

ಈಗ ಆಗಬೇಕಾದದ್ದು ಹೇಳುತ್ತೇನೆ. ನಿಮ್ಮ ಎಂಜಿನಿಯರ್ ಒಬ್ಬರನ್ನು ಕಳಿಸಿ. ಅಮ್ಮ, ನಾನು, ಸೆಕ್ರೆಟರಿ ಮತ್ತು ಆ ಇನ್ನೊಂದು ಮನೆಯವರ ಎದುರಿಗೆ ಎರಡೂ ಮೀಟರ್‌ಗಳ ಸ್ವಿಚ್ ಆಫ್ ಮಾಡಿ, ಯಾವುದು ಯಾವ ಮನೆಯದು ಎಂದು ನೋಡಿ, ಪಂಚನಾಮೆ ಬರೆದು ಎಲ್ಲರ ಸಹಿ ಹಾಕಿಸಿ. ತಂತಿ ಸರಿಪಡಿಸುವ ಮೊದಲು ಎರಡರ ರೀಡಿಂಗ್ ಬರೆದುಕೊಳ್ಳಿ, ಇಲ್ಲದಿದ್ದರೆ ಮುಂದೆ ಲೆಕ್ಕ ಮತ್ತೆ ಕಲಸಿಹೋಗುತ್ತದೆ. ಮಾರ್ಚ್‌ನಲ್ಲಿ ಅದೇ ಸಾಲಿನಲ್ಲಿ ಬದಲಿಸಿದ ಉಳಿದ ಮೀಟರ್‌ಗಳನ್ನೂ ನೋಡಿಬಿಡಿ. ಎರಡು ತಪ್ಪಿದ್ದರೆ ನಾಲ್ಕು ತಪ್ಪಿರಬಹುದು.

ಆಮೇಲೆ ಮೀಟರ್ ಬದಲಿಸಿದ ದಿನದಿಂದ ಬಿಲ್‌ಗಳನ್ನು ತಿಂಗಳು ತಿಂಗಳಾಗಿ ಬಿಡಿಸಿ, ಸ್ಲ್ಯಾಬ್ ಲಾಭ ಸಮೇತ ಹೊಸದಾಗಿ ಹಾಕಬೇಕು. ಕೆಟ್ಟ ಮೀಟರ್ ಇದ್ದರೆ ಹಿಂದಿನ ಮೂರು ತಿಂಗಳ ಮಟ್ಟಿಗೆ ಮಾತ್ರ ಬಿಲ್ ತಿದ್ದುವ ನಿಯಮವನ್ನು ಇಲ್ಲಿ ಮುಂದಿಡಬೇಡಿ. ಮೀಟರ್ ಕೆಟ್ಟಿಲ್ಲ ಎಂದು ನೀವೇ ಬರೆದುಕೊಟ್ಟಿದ್ದೀರಿ. ಹೆಚ್ಚಾಗಿ ತೆಗೆದುಕೊಂಡ ಹಣವನ್ನು ಬಡ್ಡಿ ಸೇರಿಸಿ ಹಿಂದಿರುಗಿಸಿ. ಅದೇ ಕಾಯ್ದೆಯ 62ನೇ ಕಲಂನ 6ನೇ ಉಪಕಲಂ ದರಕ್ಕಿಂತ ಹೆಚ್ಚು ವಸೂಲಿ ಮಾಡಿದ ಹಣಕ್ಕೆ ಬ್ಯಾಂಕ್ ದರದ ಬಡ್ಡಿ ಕೊಡಬೇಕು ಎನ್ನುತ್ತದೆ. ಟೆಸ್ಟ್‌ಗೆ ಕಟ್ಟಿಸಿಕೊಂಡದ್ದನ್ನೂ ಕೊಡಿ. ಬೇಕಾಗಿದ್ದ ತಪಾಸಣೆ ಅದಾಗಿರಲಿಲ್ಲ.

ಆ ಇನ್ನೊಂದು ಮನೆಯವರ ಬಗ್ಗೆ ಒಂದು ಮಾತು. ಅವರ ಮೇಲೆ ನಮಗೆ ಯಾವ ದೂರೂ ಇಲ್ಲ. ಬಾಡಿಗೆಗೆ ಇರುವವರು, ಮನೆಯಲ್ಲಿ ಚಿಕ್ಕ ಮಗು ಇದೆ. ಬಂದ ಬಿಲ್ ಕಟ್ಟಿದ್ದಾರೆ ಅಷ್ಟೇ. ಅಮ್ಮನಿಗೆ ಬಿಟ್ಟುಕೊಟ್ಟದ್ದನ್ನೆಲ್ಲ ಒಂದೇ ಬಿಲ್‌ನಲ್ಲಿ ಅವರ ತಲೆಗೆ ಕಟ್ಟಬೇಡಿ. ಕಂತು ಮಾಡಿಕೊಡಿ. ತಂತಿ ಬದಲಿಸಿದ್ದು ಅವರೂ ಅಲ್ಲ, ನಾವೂ ಅಲ್ಲ.

ನಿಮ್ಮ ಕಚೇರಿಯಿಂದ ಸರಿಯಾದ ಉತ್ತರ ಸಿಗದಿದ್ದರೆ ಗ್ರಾಹಕ ತಕರಾರು ನಿವಾರಣಾ ವೇದಿಕೆಗೆ ಹೋಗುತ್ತೇನೆ. ಅಲ್ಲೂ ಆಗದಿದ್ದರೆ ಮುಂಬಯಿಯ ವಿದ್ಯುತ್ ಲೋಕಪಾಲರ ಹತ್ತಿರ. ಕಾಯ್ದೆಯ 42ನೇ ಕಲಂ ಈ ಎರಡೂ ದಾರಿಗಳನ್ನು ಗ್ರಾಹಕರಿಗೆ ಕೊಟ್ಟಿದೆ. ಕಾಗದಗಳನ್ನು ಜೋಡಿಸಿಟ್ಟಿದ್ದೇನೆ. ಆದರೆ ಗೀಸರ್ ಹಾಕಿ ನೋಡಿದರೆ ತಿಳಿಯುವ ವಿಷಯಕ್ಕೆ ಅಷ್ಟು ದೂರ ಹೋಗುವ ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತಪಾಸಣೆಗೆ ಬರುವ ಹಿಂದಿನ ದಿನ ನನಗೆ ಫೋನ್ ಮಾಡಿ, ಅಮ್ಮನಿಗೆ ಬೇಡ. ನಂಬರ್ ಮರಾಠಿ ಪ್ರತಿಯಲ್ಲಿದೆ. ಭಾನುವಾರವಾದರೂ ಸರಿ. ಬಂದವರು ಮಹಡಿ ಹತ್ತಿ ಮನೆಯೊಳಗೂ ನೋಡಲಿ.

ಇತಿ,
ನಿಮ್ಮ ಗ್ರಾಹಕರ ಮಗಳು
ಅಂಧೇರಿ ಪೂರ್ವ, ಮುಂಬಯಿ