ಗುಹೆಯ ಕಲ್ಲು ಷೋಕೇಸಿಗಲ್ಲ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ಬಂಧುಗಳೊಬ್ಬರ ಮನೆಯ ಷೋಕೇಸಿನಲ್ಲಿ ಗೇಣುದ್ದದ ಸ್ಟಾಲಕ್ಟೈಟ್ (ಗುಹೆಯ ಚಾವಣಿಯಿಂದ ಇಳಿಬೀಳುವ ಸುಣ್ಣದ ಕಲ್ಲು) ತುಂಡೊಂದನ್ನು ಕಂಡೆ. ಪ್ರವಾಸ ಹೋದಾಗ ಗುಹೆಯ ಚಾವಣಿಯಿಂದ ಮುರಿದು ತಂದದ್ದೆಂದು ಅವರು ಯಾವ ಅಳುಕೂ ಇಲ್ಲದೆ ಹೇಳಿದರು. ಅದು ಗಂಧದ ತುಂಡಾಗಿದ್ದರೆ ಬಚ್ಚಿಡುತ್ತಿದ್ದರೇನೋ!

ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಸುಣ್ಣಕಲ್ಲನ್ನು ಕರಗಿಸುತ್ತ ಕೆಳಗಿಳಿದು, ಗುಹೆಯ ಗಾಳಿಗೆ ಆ ಅನಿಲವನ್ನು ಬಿಟ್ಟಾಗ, ಹನಿ ನಿಂತಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ತೆಳು ಪದರವೊಂದು ಉಳಿಯುತ್ತದೆ. ಹೆಚ್ಚಿನ ಗುಹೆಗಳಲ್ಲಿ ಈ ಬೆಳವಣಿಗೆ ವರ್ಷಕ್ಕೆ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲವಾದ್ದರಿಂದ, ಗೇಣುದ್ದಕ್ಕೆ ನೂರಾರು, ಕೆಲವೆಡೆ ಸಾವಿರಾರು ವರ್ಷಗಳೇ ಬೇಕು. ಬರಿಗೈಯಿಂದ ಮುಟ್ಟಿದರೂ ಸಾಕು, ಚರ್ಮದ ಜಿಡ್ಡು ಅಂಟಿ ಹೊಸ ಪದರ ಕೂರಲು ಅಡ್ಡಿಯಾಗುತ್ತದೆ.

ನಮ್ಮ ಬಳ್ಳಾರಿ, ಬೆಂಗಳೂರಿನವರು ಹೋಗಿಬರುವ ಆಂಧ್ರದ ಬೇಲಂ ಗುಹೆಯ ಉದ್ದ 3,229 ಮೀಟರ್. ಅಲ್ಲಿನ ‘ಸಪ್ತಸ್ವರ’ ಗುಹೆ ಹೆಸರಾಗಿರುವುದೇ ಕೋಲಿನಿಂದಲೋ ಬೆರಳ ಗೆಣ್ಣಿನಿಂದಲೋ ತಟ್ಟಿದರೆ ನಾದ ಹೊಮ್ಮಿಸುವ ಕಲ್ಲುಗಳಿಂದ. ಹಂಪಿಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ತಟ್ಟದಂತೆ ತಡೆದ ನಾವು, ಮನುಷ್ಯ ಕೆತ್ತದ ಕಲ್ಲಿಗೆ ಅದೇ ಮರ್ಯಾದೆ ತೋರದಿರುವುದು ವಿಚಿತ್ರ.

ಮೇಘಾಲಯದ ಮೌಮ್ಲು ಗುಹೆಯ ಸ್ಟಾಲಗ್ಮೈಟ್ (ಹನಿ ಬಿದ್ದು ನೆಲದಿಂದ ಮೇಲಕ್ಕೆ ಬೆಳೆಯುವ ಕಲ್ಲು) ಒಂದರ ಪದರಗಳಲ್ಲಿ ಸುಮಾರು 4,200 ವರ್ಷಗಳ ಹಿಂದಿನ ಮಳೆಯ ಅಭಾವ ದಾಖಲಾಗಿತ್ತು. ಅದರ ಆಧಾರದ ಮೇಲೆಯೇ 2018ರಲ್ಲಿ ಭೂವಿಜ್ಞಾನಿಗಳು ನಾವು ಬದುಕುತ್ತಿರುವ ಕಾಲಘಟ್ಟಕ್ಕೆ ‘ಮೇಘಾಲಯನ್’ ಎಂದು ಹೆಸರಿಟ್ಟರು. ಆ ಕಲ್ಲನ್ನೂ ಗುಹೆಯಿಂದ ತೆಗೆದದ್ದೇ ಅಲ್ಲವೇ ಎಂದು ಕೇಳಬಹುದು. ನಿಜ, ಆದರೆ ಎಲ್ಲಿಯದೆಂಬ ದಾಖಲೆಯೊಂದಿಗೆ ಪ್ರಯೋಗಾಲಯಕ್ಕೆ ಹೋದ ಕಲ್ಲು ಮಳೆಯ ಚರಿತ್ರೆ ಹೇಳುತ್ತದೆ, ಷೋಕೇಸಿಗೆ ಬಂದದ್ದು ಧೂಳು ಹಿಡಿಯುತ್ತದೆ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಗುಹೆಯ ಹೆಸರಿದೆಯಾದರೂ, ಅದಕ್ಕೆ ಐತಿಹಾಸಿಕ, ಪುರಾತತ್ತ್ವ ಇಲ್ಲವೇ ಕಲೆಯ ಮಹತ್ವ ಇರಬೇಕು. 1927ರ ಅರಣ್ಯ ಕಾಯ್ದೆ ಸುಣ್ಣಕಲ್ಲನ್ನೂ ಅರಣ್ಯ ಉತ್ಪನ್ನವೆಂದು ಎಣಿಸುತ್ತದೆ, ಆದರೆ ಅದು ಕಾಡಿನೊಳಗಿನದಾಗಿದ್ದರೆ ಮಾತ್ರ. ಕಾಡಿನ ಹೊರಗೆ, ಶಿಲ್ಪ ಶಾಸನಗಳಿಲ್ಲದ ಗುಹೆಗೆ ಇವೆರಡರಿಂದಲೂ ಆಸರೆ ಸಿಗುವುದು ಕಷ್ಟ. ಕೇಂದ್ರದ ಗಣಿ ಸಚಿವಾಲಯವು 2022ರ ಡಿಸೆಂಬರಿನಲ್ಲಿ ಭೂಪರಂಪರೆಯ (ಭೂವೈಜ್ಞಾನಿಕ ಮಹತ್ವದ) ತಾಣಗಳ ಸಂರಕ್ಷಣೆಗೆಂದು ಪ್ರಕಟಿಸಿದ ಕರಡು ಮಸೂದೆಯನ್ನು, ಗುಹೆಯ ಕಲ್ಲು ಮುರಿಯುವುದನ್ನೂ ಮಾರುವುದನ್ನೂ ಸ್ಪಷ್ಟವಾಗಿ ಅಪರಾಧವೆಂದು ಹೆಸರಿಸಿ, ಕಾಯ್ದೆಯಾಗಿಸಬೇಕೆಂದು ನಮ್ಮ ಸಂಸದರು ಒತ್ತಾಯಿಸಬೇಕು. ಅಲ್ಲಿಯವರೆಗೆ ಪ್ರವಾಸೋದ್ಯಮ ಇಲಾಖೆಗಳು ಕಲ್ಲು ತಟ್ಟಿ ತೋರಿಸುವುದನ್ನಾದರೂ ನಿಲ್ಲಿಸಲಿ.

ಇತಿ,
ನಿವೃತ್ತ ಭೂಗೋಳ ಶಿಕ್ಷಕ, ಬಳ್ಳಾರಿ