ಜೋಗದ ಫೋಟೊ ಯಾವ ತಿಂಗಳಿನದು?

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಜೋಗದ ಫೋಟೊ, ಪಕ್ಕದಲ್ಲೇ ಕಂಪ್ಯೂಟರ್ ಟಿಪ್ಸ್, ಜೋಡಿ ಚೆನ್ನಾಗಿತ್ತು. ಆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಹಾಗೆ ತುಂಬಿ ಧುಮುಕುವುದು ಜೋರು ಮಳೆಗಾಲದಲ್ಲಿ ಮಾತ್ರ, ಉಳಿದ ತಿಂಗಳು ಶರಾವತಿಯ ಬಹುಪಾಲು ನೀರು ಲಿಂಗನಮಕ್ಕಿ ಅಣೆಕಟ್ಟಿನಲ್ಲೇ ನಿಂತಿರುತ್ತದೆ, ಹಾಗಾಗಿ ಫೋಟೊ ಕೆಳಗೆ ಯಾವಾಗ ತೆಗೆದದ್ದು ಅಂತ ಒಂದು ಸಾಲು ಹಾಕಿ. ಫೋಟೊ ನಂಬಿಕೊಂಡು ಏಪ್ರಿಲ್‌ನಲ್ಲಿ ಹೋಗಿ ಸುಮ್ನೆ ಬಂಡೆ ನೋಡಿ ಬರೋರು ಜಾಸ್ತಿ. (ಬಂಡೆಯೂ ಚೆಂದವೇ, ಆ ಮಾತು ಬೇರೆ.)

ಇನ್ನು ಟಿಪ್ಸ್. ಕಂಟ್ರೋಲ್ ಸಿ, ಕಂಟ್ರೋಲ್ ವಿ ಎಲ್ಲರಿಗೂ ಗೊತ್ತು, ಅಲ್ವಾ? ವಾಟ್ಸ್ಆ್ಯಪ್‌ನಲ್ಲಿ ಫೋಟೊವನ್ನು ಡಾಕ್ಯುಮೆಂಟ್ ಅಂತ ಕಳಿಸಿದರೆ ಅದರ ಗುಣಮಟ್ಟ ಕೆಡುವುದಿಲ್ಲ, ಬ್ರೌಸರ್‌ನಲ್ಲಿ ಮುಚ್ಚಿಹೋದ ಟ್ಯಾಬನ್ನು ಕಂಟ್ರೋಲ್, ಶಿಫ್ಟ್, ಟಿ ಒತ್ತಿ ವಾಪಸ್ ತರಬಹುದು. ಇಂಥವು ಕೊಡಿ. ಅಕ್ಷರ ಸ್ವಲ್ಪ ದಪ್ಪಗಿರಲಿ.

– ಓದುಗ, ಶಿರಸಿ